ಕಸ ಹೀರುವ ಯಂತ್ರದ ಜಮಾ-ಖರ್ಚು

ಮಕ್ಕಳೇ, ಮೊದಲು ಒಂದು ಒಗಟು. ಇದಕ್ಕೆ ಉದ್ದನೆಯ ಸೊಂಡಿಲಿದೆ, ಆದರೆ ಆನೆಯಲ್ಲ. ಮಣ್ಣು ತಿನ್ನುತ್ತದೆ, ಆದರೆ ಎರೆಹುಳು ಅಲ್ಲ. ನಮಗೆಲ್ಲ ಹೊಟ್ಟೆ ತುಂಬಿದರೆ ಬಲ ಬರುತ್ತದೆ. ಇದಕ್ಕೆ ಮಾತ್ರ ಹೊಟ್ಟೆ ತುಂಬಿದಷ್ಟೂ ಬಲ ಕುಂದುತ್ತದೆ. ಏನದು?

ವ್ಯಾಕ್ಯೂಮ್ ಕ್ಲೀನರ್ ಎಂದವರು ಜಾಣರು.

ಈ ಯಂತ್ರ ಕೊಳ್ಳಲು ಅಂಗಡಿಗೆ ಹೋದವರು ಏನು ಕೇಳುತ್ತಾರೆ? ಚಿಕ್ಕದಿರಬೇಕು. ಹಗುರ ಇರಬೇಕು. ಮಂಚದ ಅಡಿ ನುಗ್ಗಬೇಕು. ಜೋರಾಗಿ ಹೀರಬೇಕು, ಸದ್ದು ಮಾಡಬಾರದು. ವೈರ್ ಇರಬಾರದು, ಬ್ಯಾಟರಿ ಬೇಗ ಮುಗಿಯಬಾರದು. ಕೊನೆಗೆ, ಬೆಲೆಯೂ ಕಡಿಮೆ ಇರಬೇಕು. ಇವೆಲ್ಲವೂ ಒಂದರಲ್ಲೇ ಇರುವ ಯಂತ್ರವನ್ನು ಇಲ್ಲಿಯವರೆಗೆ ಯಾರೂ ಮಾಡಿಲ್ಲ. ಎಂಜಿನಿಯರುಗಳು ದಡ್ಡರೆಂದಲ್ಲ. ಲೆಕ್ಕವೇ ಹಾಗಿದೆ.

ನಾನು ಬಿ.ಕಾಂ. ಓದಿ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ನಮ್ಮ ಲೆಕ್ಕಶಾಸ್ತ್ರದಲ್ಲಿ ಒಂದು ಹಳೆಯ ನಿಯಮವಿದೆ: ಒಂದು ಕಡೆ ಜಮೆ ಬರೆದರೆ ಇನ್ನೊಂದು ಕಡೆ ಅಷ್ಟೇ ಖರ್ಚು ಬರೆಯಲೇಬೇಕು, ಇಲ್ಲದಿದ್ದರೆ ಸಂಜೆ ಲೆಕ್ಕ ಟ್ಯಾಲಿ ಆಗುವುದಿಲ್ಲ. ಯಂತ್ರ ರೂಪಿಸುವವರ ಕೆಲಸವೂ ಇಂಥದ್ದೇ. ಗಾತ್ರ ಉಳಿಸಿದರೆ ಸದ್ದಿನಲ್ಲಿ ತೆರಬೇಕು. ಭಾರ ಉಳಿಸಿದರೆ ಸಮಯದಲ್ಲಿ ತೆರಬೇಕು. ಈ ಪುಟ್ಟ ಯಂತ್ರದ ಖಾತೆಪುಸ್ತಕವನ್ನು ಇವತ್ತು ಪುಟ ತಿರುವಿ ನೋಡೋಣ.

ಕುದುರೆ ಗಾಡಿಯ ಮೇಲೆ ಬಂದ ಕ್ಲೀನರ್

1901ರ ಲಂಡನ್. ಕಸವನ್ನು ಗಾಳಿಯಿಂದ ಊದಿ ಹಾರಿಸುವ ಒಂದು ಯಂತ್ರದ ಪ್ರದರ್ಶನವನ್ನು ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ನೋಡಿದ. ಊದಿದ ದೂಳು ಎದ್ದು ಮತ್ತೆ ಅಲ್ಲೇ ಕೂರುತ್ತಿತ್ತು. 'ಊದುವ ಬದಲು ಹೀರಿದರೆ ಹೇಗೆ?' ಎಂದು ಅವನಿಗೆ ಹೊಳೆಯಿತು. ಹೋಟೆಲ್ ಒಂದರಲ್ಲಿ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಇಟ್ಟು, ಅದಕ್ಕೆ ಬಾಯಿ ಹಚ್ಚಿ ಜೋರಾಗಿ ಉಸಿರೆಳೆದ. ಕೆಮ್ಮು ಬಂತು, ನಿಜ. ಆದರೆ ಕರವಸ್ತ್ರದ ಇನ್ನೊಂದು ಮಗ್ಗುಲಲ್ಲಿ ದೂಳಿನ ಕಪ್ಪು ವೃತ್ತ ಮೂಡಿತ್ತು. (ಮಕ್ಕಳೇ, ಇದನ್ನು ನೀವು ಮಾಡಿ ನೋಡಬೇಡಿ.)

ಅದೇ ವರ್ಷ ಅವನು ಪೇಟೆಂಟ್ ಪಡೆದು ಯಂತ್ರ ಕಟ್ಟಿದ. ಅದು ಮನೆಯೊಳಗೆ ಬರುವಂಥದ್ದಲ್ಲ! ಪೆಟ್ರೋಲ್ ಎಂಜಿನ್ ಮತ್ತು ಪಂಪು ಸೇರಿ ಕುದುರೆ ಎಳೆಯುವ ಗಾಡಿಯ ತುಂಬ ಆಗಿತ್ತು. ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಗಳನ್ನು ಕಿಟಕಿಯೊಳಗೆ ತೂರಿಸಿ ಕೆಲಸದವರು ಕಸ ಹೀರುತ್ತಿದ್ದರು. 1902ರಲ್ಲಿ ದೊರೆ ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ರತ್ನಗಂಬಳಿಗಳನ್ನು ಶುಚಿ ಮಾಡಿದ್ದು ಇದೇ ಯಂತ್ರ.

ಬೂತ್‌ನ ಖಾತೆ ನೋಡಿ. ಜಮೆ: ಭರ್ಜರಿ ಬಲ. ಖರ್ಚು: ಕುದುರೆ, ಗಾಡಿ, ಆಳುಗಳು, ಬೀದಿ ತುಂಬ ಸದ್ದು. ಶ್ರೀಮಂತರ ಮನೆಗೆ ಸರಿ, ಮಾಮೂಲಿ ಮನೆಗಲ್ಲ.

ಸಾಬೂನಿನ ಪೆಟ್ಟಿಗೆ, ದಿಂಬಿನ ಚೀಲ

ಆರು ವರ್ಷಗಳ ನಂತರ, 1907ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬಾತ ದೊಡ್ಡ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ. ಅರವತ್ತರ ಹತ್ತಿರದ ವಯಸ್ಸು, ಜೊತೆಗೆ ಅಸ್ತಮಾ. ಗುಡಿಸಿದಾಗ ಏಳುವ ದೂಳಿನಿಂದ ಉಸಿರು ಕಟ್ಟುತ್ತಿತ್ತು. ಕೆಲಸ ಬಿಟ್ಟರೆ ಹೊಟ್ಟೆಪಾಡು ಕೆಡುತ್ತದೆ, ಮುಂದುವರಿಸಿದರೆ ಎದೆ ಕೆಡುತ್ತದೆ. ಅತ್ತ ದರಿ, ಇತ್ತ ಪುಲಿ.

ಅವನು ಫ್ಯಾನಿನ ಮೋಟಾರ್, ಸಾಬೂನಿನ ಪೆಟ್ಟಿಗೆ, ಪೊರಕೆಯ ಹಿಡಿ ಮತ್ತು ದಿಂಬಿನ ಚೀಲ ಸೇರಿಸಿ ಒಂದು ಯಂತ್ರ ಮಾಡಿಕೊಂಡ. ಒಬ್ಬನೇ ತಳ್ಳಿಕೊಂಡು ಹೋಗಬಹುದಾದ, ಕರೆಂಟಿನಲ್ಲಿ ಓಡುವ ಯಂತ್ರ. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡವನು ಚರ್ಮದ ಸಾಮಾನಿನ ವ್ಯಾಪಾರಿ ವಿಲಿಯಂ ಹೂವರ್. ಮುಂದೆ ಇಂಗ್ಲೆಂಡಿನಲ್ಲಿ 'ಹೂವರ್ ಮಾಡು' ಎಂದರೆ 'ಕಸ ಹೀರು' ಎಂಬ ಅರ್ಥವೇ ಬರುವಷ್ಟು ಆ ಹೆಸರು ಮನೆಮಾತಾಯಿತು.

ಕುದುರೆ ಗಾಡಿ ಹೋಗಿ ಕೈಗೆ ಹಿಡಿ ಬಂತು. ಆದರೆ ಬೂತ್‌ನ ಗಾಡಿಯಷ್ಟು ಬಲ ಈ ಪೆಟ್ಟಿಗೆಯಲ್ಲಿ ಬರುವಂತಿರಲಿಲ್ಲ. ಇರುವ ಬಲವನ್ನು ಜಾಣತನದಿಂದ ಖರ್ಚು ಮಾಡಬೇಕಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಯಂತ್ರಕ್ಕೂ ಅನ್ವಯಿಸುತ್ತದೆ.

ಎಳೆಯುವುದಲ್ಲ, ತಳ್ಳುವುದು

ವ್ಯಾಕ್ಯೂಮ್ ಎಂದರೆ ನಿರ್ವಾತ, ಅಂದರೆ ಗಾಳಿಯೇ ಇಲ್ಲದ ಜಾಗ. ಆದರೆ ಈ ಯಂತ್ರದೊಳಗೆ ಪೂರ್ತಿ ನಿರ್ವಾತ ಎಂದೂ ಉಂಟಾಗುವುದಿಲ್ಲ. ನಮ್ಮ ಸುತ್ತಲಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಭಾರದಷ್ಟು ಒತ್ತುತ್ತಿರುತ್ತದೆ. ಯಂತ್ರದ ಫ್ಯಾನು ಒಳಗಿನ ಗಾಳಿಯನ್ನು ಹೊರಗೆ ತಳ್ಳಿದಾಗ ಒಳಗಿನ ಒತ್ತಡ ಇಳಿಯುತ್ತದೆ. ಒಳ್ಳೆಯ ಯಂತ್ರದಲ್ಲೂ ಇಳಿಯುವುದು ಸಾಮಾನ್ಯವಾಗಿ ಸುಮಾರು ಐದರಲ್ಲಿ ಒಂದು ಪಾಲಿನಷ್ಟು. ಎರಡು ಮೀಟರ್ ಎತ್ತರದ ಸ್ಟ್ರಾದಲ್ಲಿ ನೀರು ಏರಿಸಲು ಸಾಕಾಗುವಷ್ಟು, ಅಷ್ಟೇ. ಆಗ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ, ನುಗ್ಗುವಾಗ ಕಸವನ್ನೂ ಹೊತ್ತು ತರುತ್ತದೆ.

ಇಲ್ಲಿ ಎರಡು ಖಾತೆಗಳಿವೆ. ಒಂದು ಎಳೆತ, ಇನ್ನೊಂದು ಗಾಳಿಯ ಹರಿವು. ಯಂತ್ರದ ಬಾಯಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿದರೆ ಎಳೆತ ಅತಿ ಹೆಚ್ಚು, ಹರಿವು ಸೊನ್ನೆ. ಒಂದು ಎಳ್ಳುಕಾಳೂ ಒಳಗೆ ಹೋಗದು. ಬಾಯಿ ಪೂರ್ತಿ ತೆರೆದಿದ್ದರೆ ಹರಿವು ಹೆಚ್ಚು, ಎಳೆತ ಕಡಿಮೆ. ಸಂದಿಯಲ್ಲಿ ಕೂತ ದೂಳು ಅಲುಗದು. ಕೆಲಸ ಆಗುವುದು ಇವೆರಡರ ನಡುವೆ. ಬಾಯಿ ಮುಚ್ಚಿದಾಗ ಮೋಟಾರಿನ ಸ್ವರ ಏರುವುದನ್ನು ನೀವು ಕೇಳಿರಬಹುದು. ಅದು ಕಷ್ಟಪಡುತ್ತಿದೆ ಎಂದು ಹಲವರು ತಿಳಿಯುತ್ತಾರೆ. ನಿಜ ಹೇಳಬೇಕೆಂದರೆ, ತಳ್ಳಲು ಗಾಳಿ ಸಿಗದೆ ಅದರ ಹೊರೆ ಇಳಿದಿರುತ್ತದೆ, ಅದಕ್ಕೇ ಜೋರಾಗಿ ತಿರುಗುತ್ತದೆ. ಆದರೆ ಹಲವು ಮೋಟಾರುಗಳನ್ನು ತಂಪಾಗಿಡುವುದೂ ಅದೇ ಗಾಳಿ. ಆದ್ದರಿಂದ ಹಾಗೆ ಮುಚ್ಚಿ ಬಿಡಬಾರದು.

ಒಂದು ಚಿಕ್ಕ ಪ್ರಯೋಗ ಮಾಡಿ. ಕಾಗದದ ಚೂರನ್ನು ದಾರಕ್ಕೆ ಕಟ್ಟಿ ಇಳಿಬಿಡಿ. ಒಂದು ಅಡಿ ದೂರದಿಂದ ಊದಿ, ಅದು ಕುಣಿಯುತ್ತದೆ. ಅಷ್ಟೇ ದೂರದಿಂದ ಬಾಯಲ್ಲಿ ಗಾಳಿ ಎಳೆದುಕೊಳ್ಳಿ. ಅದು ಅಲ್ಲಾಡುವುದೇ ಇಲ್ಲ. ಊದಿದ ಗಾಳಿ ಬಾಣದಂತೆ ನೇರ ಹೋಗುತ್ತದೆ. ಹೀರುವ ಬಾಯಿಗೆ ಮಾತ್ರ ಗಾಳಿ ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಹಾಗಾಗಿ ಬಾಯಿಯಿಂದ ಸ್ವಲ್ಪ ದೂರ ಹೋದರೂ ಹೀರುವ ಬಲ ಕರಗಿಬಿಡುತ್ತದೆ. ಅದಕ್ಕೇ ಕ್ಲೀನರಿನ ಬಾಯಿ ನೆಲಕ್ಕೆ ತೀರಾ ಹತ್ತಿರ ಇರಬೇಕು. ತೀರಾ ಅಂಟಿಕೊಂಡರೆ ತಳ್ಳಲು ಕೈ ನೋವು, ಬಿಟ್ಟುಕೊಂಡರೆ ಕಸ ಉಳಿಯುತ್ತದೆ. ಎಂಜಿನಿಯರಿನ ಮೊದಲ ಇಕ್ಕಟ್ಟು ಇದು.

ಚಿಕ್ಕ ಫ್ಯಾನು, ದೊಡ್ಡ ಓಟ

ಯಂತ್ರ ಚಿಕ್ಕದಾಗಬೇಕಾದರೆ ಫ್ಯಾನು ಚಿಕ್ಕದಾಗಬೇಕು. ಫ್ಯಾನಿನ ಅಗಲವನ್ನು ಅರ್ಧ ಮಾಡಿದರೆ, ಮೊದಲಿನಷ್ಟೇ ಎಳೆತ ಬರಲು ಅದು ಎರಡರಷ್ಟು ವೇಗದಲ್ಲಿ ತಿರುಗಬೇಕು. ಹಾಗೆ ತಿರುಗಿದರೂ, ಅದೇ ಆಕಾರದ ಫ್ಯಾನಿನಲ್ಲಿ ಹರಿಯುವ ಗಾಳಿ ಮೊದಲಿನ ಕಾಲು ಭಾಗಕ್ಕೆ ಇಳಿದಿರುತ್ತದೆ. ಇನ್ನೂ ಹೆಚ್ಚು ಗಾಳಿ ಬೇಕೆಂದರೆ ಇನ್ನೂ ಜೋರಾಗಿ ಓಡಬೇಕು.

ನಮ್ಮ ಮನೆಯ ಸೀಲಿಂಗ್ ಫ್ಯಾನು ನಿಮಿಷಕ್ಕೆ ಮುನ್ನೂರು-ನಾನ್ನೂರು ಸುತ್ತು ತಿರುಗುತ್ತದೆ. ವೈರ್ ಇರುವ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಸುಮಾರು 30,000 ಸುತ್ತು. 2018ರಲ್ಲಿ ಡೈಸನ್ ಕಂಪನಿ ತನ್ನ ಕೈಯಲ್ಲಿ ಹಿಡಿಯುವ 'ವಿ10' ಯಂತ್ರಕ್ಕೆ ಹಾಕಿದ ಪುಟ್ಟ ಮೋಟಾರು ನಿಮಿಷಕ್ಕೆ 1,25,000 ಸುತ್ತಿನವರೆಗೆ ತಿರುಗುತ್ತದೆ. ಅಂದರೆ ನೀವು ಒಮ್ಮೆ 'ಅ' ಎನ್ನುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಸುತ್ತು!

ಇದಕ್ಕೆ ತೆತ್ತ ಬೆಲೆ? ವೇಗ ಹೆಚ್ಚಿದಷ್ಟೂ ಸದ್ದು ಕೀಚಲಾಗುತ್ತದೆ. ಹಳೆಯ ಬಗೆಯ ಮೋಟಾರುಗಳಲ್ಲಿ ಕಾರ್ಬನ್ ತುಂಡುಗಳು ಉಜ್ಜಿ ಸವೆಯುತ್ತವೆ. 'ಮಿಕ್ಸಿಯ ಕಾರ್ಬನ್ ಹೋಗಿದೆ' ಎಂದು ರಿಪೇರಿಯವರು ಹೇಳುತ್ತಾರಲ್ಲ, ಅದೇ. ಇಷ್ಟೊಂದು ವೇಗಕ್ಕೆ ಅವು ತಾಳುವುದಿಲ್ಲ. ಆದ್ದರಿಂದ ಕಾರ್ಬನ್ ಇಲ್ಲದ, ಎಲೆಕ್ಟ್ರಾನಿಕ್ಸ್ ನಡೆಸುವ ಮೋಟಾರು ಬೇಕಾಗುತ್ತದೆ. ಗಾತ್ರದಲ್ಲಿ ಉಳಿಸಿದ್ದು ಹೀಗೆ ಬೆಲೆಯಲ್ಲಿ ಹೋಯಿತು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುತ್ತೇವೆ. ಇಲ್ಲಿ ಬಿಲ್ಲೂ ದೊಡ್ಡದು.

ಹೀರಿದ ಕಸ ಎಲ್ಲಿಡುವುದು?

ಈಗ ನಮ್ಮ ಒಗಟಿನ ಕೊನೆಯ ಸಾಲು. ಹಳೆಯ ಯಂತ್ರಗಳಲ್ಲಿ ಕಸ ಬಟ್ಟೆಯ ಅಥವಾ ಕಾಗದದ ಚೀಲಕ್ಕೆ ಬೀಳುತ್ತದೆ. ಚೀಲದ ಸಣ್ಣ ರಂಧ್ರಗಳ ಮೂಲಕ ಗಾಳಿ ಹೊರಹೋಗಬೇಕು. ನಯವಾದ ದೂಳು ಆ ರಂಧ್ರಗಳನ್ನೇ ಮುಚ್ಚುತ್ತದೆ. ಗಾಳಿ ಹರಿಯದೆ ಬಲ ಕುಂದುತ್ತದೆ. ಚೀಲ ಚಿಕ್ಕದಾದಷ್ಟೂ ಬೇಗ ಕಟ್ಟಿಕೊಳ್ಳುತ್ತದೆ. ಚಿಕ್ಕ ಯಂತ್ರಕ್ಕೆ ಇದು ದೊಡ್ಡ ತಲೆನೋವು.

ಇದಕ್ಕೆ ಇನ್ನೊಂದು ದಾರಿ ಹುಡುಕಿದವನು ಇಂಗ್ಲೆಂಡಿನ ಜೇಮ್ಸ್ ಡೈಸನ್. ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಗಾಳಿಯನ್ನು ಸುಂಟರಗಾಳಿಯಂತೆ ಸುತ್ತಿಸಿ ಮರದ ಪುಡಿಯನ್ನು ಬೇರ್ಪಡಿಸುವ ಶಂಕುವಿನಾಕಾರದ ದೊಡ್ಡ ಪಾತ್ರೆ ಇರುತ್ತದೆ. ಒದ್ದೆ ಛತ್ರಿಯನ್ನು ಗಿರ್ರನೆ ತಿರುಗಿಸಿದಾಗ ಹನಿಗಳು ಹೊರಗೆ ಚಿಮ್ಮುತ್ತವಲ್ಲ, ಹಾಗೆಯೇ ಸುತ್ತುವ ಗಾಳಿಯಲ್ಲಿ ಕಸ ಗೋಡೆಗೆ ಚಿಮ್ಮಿ ಕೆಳಗೆ ಬೀಳುತ್ತದೆ. ಅದನ್ನು ಮನೆಯ ಯಂತ್ರದೊಳಗೆ ಕೂರಿಸಲು ಡೈಸನ್ 5,127 ಮಾದರಿಗಳನ್ನು ಮಾಡಬೇಕಾಯಿತು. 1993ರಲ್ಲಿ ಅವನದೇ ಹೆಸರಿನ ಮೊದಲ ಯಂತ್ರ ಮಾರುಕಟ್ಟೆಗೆ ಬಂತು.

ಚೀಲದ ಖರ್ಚು ತಪ್ಪಿತು, ಬಲವೂ ಉಳಿಯಿತು. ಆದರೆ ಗಾಳಿಯನ್ನು ಸುತ್ತಿಸಲು ಒಂದಿಷ್ಟು ಶಕ್ತಿ ಹೋಗುತ್ತದೆ. ಡಬ್ಬಿ ಖಾಲಿ ಮಾಡುವಾಗ ದೂಳು ಮತ್ತೆ ಮುಖಕ್ಕೆ ಏಳುತ್ತದೆ. ಚೀಲದ ಯಂತ್ರವಾದರೆ ಕಸವನ್ನು ಕಟ್ಟಿದ ಬುತ್ತಿಯಂತೆ ಎಸೆಯಬಹುದು. ಸ್ಪ್ಯಾಂಗ್ಲರನಂತೆ ಅಸ್ತಮಾ ಇರುವವರ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಹೀರಿದ ಗಾಳಿ ಹೊರಬರುವ ದಾರಿಯಲ್ಲಿ 'ಹೆಪಾ' ಎಂಬ ಸೋಸುಕ ಇದ್ದರೆ, ಕೂದಲಿನ ದಪ್ಪದ ಇನ್ನೂರನೆಯ ಒಂದು ಪಾಲಿನಷ್ಟು ಸಣ್ಣ ಕಣಗಳೂ ಬಹುಪಾಲು ಸಿಕ್ಕಿಬೀಳುತ್ತವೆ. ಆದರೆ ಸೋಸುಕ ನಯವಾದಷ್ಟೂ ಗಾಳಿಗೆ ಅಡ್ಡಿ ಹೆಚ್ಚು. ಕಾಫಿ ಸೋಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಿರುಗುವ ಸುಖ

ಯಂತ್ರ ಬಲವಾಗಿದ್ದರೆ ಸಾಲದು, ಮೇಜಿನ ಕಾಲುಗಳ ನಡುವೆ ನುಸುಳಬೇಕು. 1921ರಲ್ಲಿ ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ ಮೋಟಾರನ್ನು ಕೊಳವೆಯಾಕಾರದ ಡಬ್ಬಿಯಲ್ಲಿಟ್ಟು, ಅಡಿಗೆ ಜಾರುಬಂಡಿಯಂತೆ ಎರಡು ಲೋಹದ ಪಟ್ಟಿ ಹಾಕಿತು. ಭಾರವೆಲ್ಲ ನೆಲದ ಮೇಲೆ, ಕೈಯಲ್ಲಿ ಹಗುರವಾದ ಕೊಳವೆ. ಡಬ್ಬಿ ನಾಯಿಮರಿಯಂತೆ ಹಿಂದೆ ಬರುತ್ತದೆ, ನಾಯಿಮರಿಯಂತೆಯೇ ಕಾಲಿಗೂ ತೊಡರುತ್ತದೆ.

1950ರ ದಶಕದ ಮಧ್ಯದಲ್ಲಿ ಹೂವರ್ ಕಂಪನಿಯವರು 'ಕಾನ್‌ಸ್ಟಲೇಷನ್' ಎಂಬ ಚೆಂಡಿನಾಕಾರದ ಯಂತ್ರ ತಂದರು. ಅದರ ಒಂದು ಮಾದರಿಗೆ ಗಾಲಿಗಳೇ ಇರಲಿಲ್ಲ! ಹೀರಿ ಹೊರಬಿಡುವ ಗಾಳಿಯನ್ನೇ ಅಡಿಗೆ ಊದಿ, ಅದರ ಮೇಲೆ ತೇಲುತ್ತಿತ್ತು. ಸಮತಟ್ಟಾದ ನೆಲದಲ್ಲಿ ಬೆರಳಲ್ಲಿ ತಳ್ಳಿದರೂ ಸಾಕು. ಆದರೆ ನೆಲ ಏರುಪೇರಾದರೆ ಗಾಳಿ ಪಕ್ಕದಿಂದ ಸೋರಿಹೋಗಿ ತೇಲುವ ಆಟ ಮುಗಿಯುತ್ತದೆ.

2005ರಲ್ಲಿ ಡೈಸನ್ ಗಾಲಿಗಳ ಬದಲು ಒಂದೇ ದೊಡ್ಡ ಚೆಂಡಿನ ಮೇಲೆ ಕೂರುವ ಯಂತ್ರ ತಂದ. ನಾಲ್ಕು ಗಾಲಿಯ ಯಂತ್ರ ಹಿಂದೆ-ಮುಂದೆ ಮಾತ್ರ ಸಲೀಸಾಗಿ ಹೋಗುತ್ತದೆ. ಚೆಂಡಾದರೆ ಮಣಿಕಟ್ಟು ಸ್ವಲ್ಪ ತಿರುಗಿಸಿದರೂ ಪಕ್ಕಕ್ಕೆ ಹೊರಳುತ್ತದೆ. ಅದಕ್ಕೂ ಹಿಂದೆ, ತೋಟದ ಕೈಗಾಡಿಗೆ ಗಾಲಿಯ ಬದಲು ಚೆಂಡು ಹಾಕಿದವನೂ ಇದೇ ಡೈಸನ್. ಚೆಂಡು ಜಾಗ ತಿನ್ನುತ್ತದೆ ಎಂಬ ಖರ್ಚನ್ನು ತೀರಿಸಲು ಮೋಟಾರನ್ನೇ ಚೆಂಡಿನೊಳಗೆ ಇಟ್ಟರು. ಖಾಲಿ ಜಾಗವನ್ನೇ ಗೋದಾಮು ಮಾಡಿಕೊಂಡ ಜಾಣ್ಮೆ ಅದು.

ಭಾರ ಯಾರ ಕೈಗೆ?

ಅಜ್ಜ-ಅಜ್ಜಿಯರೇ, ಇದು ಮೊಮ್ಮಕ್ಕಳ ಜೊತೆ ಮಾಡುವ ಪ್ರಯೋಗ. ಉದ್ದ ಕೋಲಿನ ನೆಲ ಒರೆಸುವ ಮಾಪ್ ತೆಗೆದುಕೊಳ್ಳಿ. ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಕೋಲಿನ ಕೆಳತುದಿಗೆ ಕಟ್ಟಿ. ನೆಲದ ಮೇಲೆ ತಳ್ಳಿ. ಭಾರ ಗೊತ್ತೇ ಆಗುವುದಿಲ್ಲ. ಅದನ್ನೇ ಎತ್ತಿ ಮೂಲೆಯ ಜೇಡರ ಬಲೆ ತೆಗೆಯಲು ಹೋಗಿ, ತೋಳು ಸೋಲುತ್ತದೆ. ಈಗ ಬಾಟಲಿಯನ್ನು ಹಿಡಿಯ ಹತ್ತಿರ ಕಟ್ಟಿ. ಮೇಲಕ್ಕೆ ಎತ್ತುವುದು ಸುಲಭ, ಆದರೆ ನೆಲ ಗುಡಿಸುವಷ್ಟು ಹೊತ್ತೂ ಭಾರ ಮಣಿಕಟ್ಟಿನ ಮೇಲೇ.

ಈಗಿನ ಕೋಲಿನಂಥ ಯಂತ್ರಗಳಲ್ಲಿ ಮೋಟಾರು, ಬ್ಯಾಟರಿ, ಕಸದ ಡಬ್ಬಿ ಹೆಚ್ಚಾಗಿ ಹಿಡಿಯ ಹತ್ತಿರವೇ ಇರುತ್ತವೆ. ಆದ್ದರಿಂದ ಕೆಳಗಿನ ಕೊಳವೆ ತೆಳ್ಳಗಿದ್ದು ಮಂಚದಡಿ ನುಗ್ಗುತ್ತದೆ. ಮೋಟಾರು ಕೆಳಗಿರುವ ಯಂತ್ರ ಕೈಗೆ ಹಗುರ, ಆದರೆ ಅದರ ದಪ್ಪ ಹೊಟ್ಟೆ ಮಂಚಕ್ಕೆ ತಾಗಿ ನಿಲ್ಲುತ್ತದೆ. ಪೆಟ್ಟಿಗೆಯ ಮೇಲೆ 'ಎರಡೂವರೆ ಕಿಲೋ' ಎಂದು ಬರೆದಿರುವುದು ಅರ್ಧ ಸತ್ಯ. ಆ ಎರಡೂವರೆ ಕಿಲೋ ಎಲ್ಲಿ ಕೂತಿದೆ ಎಂಬುದು ಉಳಿದರ್ಧ.

ಬ್ಯಾಟರಿಯ ಪಾಸ್‌ಬುಕ್

ಬ್ಯಾಟರಿ ಎಂದರೆ ಉಳಿತಾಯ ಖಾತೆ. ಜಮೆ ಇದ್ದಷ್ಟೇ ತೆಗೆಯಬಹುದು. ಇಂಥ ಯಂತ್ರದಲ್ಲಿ ಬಳಸುವ ಒಂದು ಲಿಥಿಯಂ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ, ಸುಮಾರು 9 ವಾಟ್-ಗಂಟೆ ಶಕ್ತಿ ಹಿಡಿಯುತ್ತದೆ. ಏಳು ಸೆಲ್ ಜೋಡಿಸಿದರೆ 63 ವಾಟ್-ಗಂಟೆ. ಪೂರ್ತಿ ಜೋರಿನಲ್ಲಿ, ಅಂದರೆ 500 ವಾಟ್‌ನಲ್ಲಿ ಓಡಿಸಿದರೆ ಏಳೂವರೆ ನಿಮಿಷಕ್ಕೆ ಖಾತೆ ಖಾಲಿ! ಅದನ್ನೇ 100 ವಾಟ್‌ಗೆ ಇಳಿಸಿದರೆ ಸುಮಾರು 38 ನಿಮಿಷ. ಸಮಯ ಎರಡು ಪಟ್ಟು ಬೇಕೆಂದರೆ ಇನ್ನೂ ಏಳು ಸೆಲ್ ಬೇಕು. ಮುನ್ನೂರು ಗ್ರಾಂಗೂ ಹೆಚ್ಚು ಭಾರ ಮತ್ತೆ ಕೈಗೇ ಬರುತ್ತದೆ.

ಹಾಗೆಂದು ವಾಟ್ ಹೆಚ್ಚಿದ್ದರೆ ಕೆಲಸ ಹೆಚ್ಚು ಎಂದೂ ತಿಳಿಯಬೇಡಿ. ವಾಟ್ ಎಂದರೆ ಯಂತ್ರ ತಿನ್ನುವ ಕರೆಂಟಿನ ಲೆಕ್ಕ, ದುಡಿಮೆಯ ಲೆಕ್ಕವಲ್ಲ. ಯುರೋಪಿನ ಒಕ್ಕೂಟ 2014ರಲ್ಲಿ ಮನೆಯ ವ್ಯಾಕ್ಯೂಮ್ ಕ್ಲೀನರುಗಳಿಗೆ 1,600 ವಾಟ್ ಮಿತಿ ಹಾಕಿ, 2017ರಲ್ಲಿ ಅದನ್ನು 900 ವಾಟ್‌ಗೆ ಇಳಿಸಿತು. ಕಂಪನಿಗಳು ಬಾಯಿ, ಕೊಳವೆ, ಫ್ಯಾನುಗಳನ್ನು ತಿದ್ದಿ ಆ ಮಿತಿಯೊಳಗೇ ಯಂತ್ರ ಮಾಡಿದವು.

ಹೊಸ್ತಿಲ ಮುಂದೆ ನಿಂತ ರೋಬೊ

ಕೈಯೇ ಬೇಡವೆಂದರೆ ರೋಬೊ ಇದೆ. 2001ರಲ್ಲಿ ಎಲೆಕ್ಟ್ರೋಲಕ್ಸ್‌ನ 'ಟ್ರೈಲೊಬೈಟ್', 2002ರಲ್ಲಿ ಅಮೆರಿಕದ 'ರೂಂಬಾ' ಬಂದವು. ಸೋಫಾದ ಅಡಿ ನುಗ್ಗಲು ಅದು ಕುಳ್ಳಗಿರಬೇಕು. ಕುಳ್ಳಗಿದ್ದರೆ ಮೋಟಾರು, ಡಬ್ಬಿ ಎರಡೂ ಪುಟ್ಟವು. ಸಿಕ್ಕಿಹಾಕಿಕೊಳ್ಳದೆ ನಿಂತಲ್ಲೇ ತಿರುಗಲು ದುಂಡಗಿರಬೇಕು. ದುಂಡಗಿನ ಯಂತ್ರಕ್ಕೆ ಚೌಕದ ಮೂಲೆ ಎಟುಕದು. ಇನ್ನು ನಮ್ಮ ಹಳೆಯ ಮನೆಗಳ ಎತ್ತರದ ಹೊಸ್ತಿಲ ಮುಂದೆ ಅದು ಕರೆಯದೆ ಬಂದ ನೆಂಟನಂತೆ ನಿಂತುಬಿಡುತ್ತದೆ.

ನಮ್ಮ ಮನೆಗೆ ಯಾವುದು?

ಹಿರಿಯ ಓದುಗರಿಗೆ ನೆನಪಿರಬಹುದು. 1982ರಲ್ಲಿ ಯುರೇಕಾ ಫೋರ್ಬ್ಸ್ ಶುರುವಾದ ಮೇಲೆ, ಟೈ ಕಟ್ಟಿದ ಹುಡುಗರು ಮನೆ ಬಾಗಿಲಿಗೇ ಬಂದು 'ಯೂರೋಕ್ಲೀನ್' ಯಂತ್ರ ಓಡಿಸಿ ತೋರಿಸುತ್ತಿದ್ದರು. ನಮ್ಮ ಊರುಗಳ ಎಷ್ಟೋ ಮನೆಗಳಿಗೆ ವ್ಯಾಕ್ಯೂಮ್ ಕ್ಲೀನರ್ ಪರಿಚಯವಾದದ್ದು ಹಾಗೆ.

ಆದರೆ ಕೊಂಡ ಎಷ್ಟೋ ಯಂತ್ರಗಳು ಅಟ್ಟ ಸೇರಿದವು. ನಮ್ಮ ಬಡಾವಣೆಯಲ್ಲಿ ಒಬ್ಬರೇ ಇರುವ ಹಿರಿಯ ಮಹಿಳೆಗೆ ದೂರದಲ್ಲಿರುವ ಮಗ ಪ್ರೀತಿಯಿಂದ ಒಂದು ಬಲವಾದ ಯಂತ್ರ ಕಳಿಸಿದ್ದಾನೆ. ಅದು ಹಳೆಯ ಸೀರೆ ಹೊದ್ದು ಅಟ್ಟದ ಮೇಲೆ ಕೂತಿದೆ. ಅದನ್ನು ಇಳಿಸಲು ಅವರಿಗೆ ಇನ್ನೊಬ್ಬರು ಬೇಕು. ಅವರು ಇಂದಿಗೂ ಸೊಂಟ ಬಗ್ಗಿಸಿ ಪೊರಕೆಯಲ್ಲೇ ಗುಡಿಸುತ್ತಾರೆ. ಯಂತ್ರದಲ್ಲಿ ದೋಷವಿಲ್ಲ, ಮಗನ ಪ್ರೀತಿಯಲ್ಲೂ ದೋಷವಿಲ್ಲ. ಬಲದ ಜಮೆಯನ್ನು ಎಲ್ಲರೂ ನೋಡಿದರು. ಭಾರದ ಖರ್ಚನ್ನು ಯಾರ ಖಾತೆಗೆ ಬರೆಯುವುದೆಂದು ಯಾರೂ ಕೇಳಲಿಲ್ಲ.

ಆದ್ದರಿಂದ ಕೊಳ್ಳುವ ಮೊದಲು ಇಷ್ಟು ನೋಡಿ. ನಮ್ಮದು ಟೈಲ್ಸ್, ಮೊಸಾಯಿಕ್ ಅಥವಾ ರೆಡ್ ಆಕ್ಸೈಡ್ ನೆಲವೇ? ಹಾಗಿದ್ದರೆ ದಪ್ಪ ರತ್ನಗಂಬಳಿಯ ದೇಶಗಳಿಗೆಂದು ಮಾಡಿದ ಭಾರಿ ಬಲ ನಮಗೆ ಬೇಕಿಲ್ಲ. ಮನೆಯಲ್ಲಿ ಉಬ್ಬಸದವರು ಇದ್ದಾರೆಯೇ? ಹಾಗಿದ್ದರೆ ಬಲಕ್ಕಿಂತ ಸೋಸುಕ ಮುಖ್ಯ. ಡಬ್ಬಿಯನ್ನು ಉಬ್ಬಸ ಇಲ್ಲದವರು ಮನೆಯ ಹೊರಗೆ ಖಾಲಿ ಮಾಡಲಿ. ತೊಳೆಯಬಹುದಾದ ಸೋಸುಕವನ್ನು ಪೂರ್ತಿ ಒಣಗಿದ ಮೇಲೆಯೇ ಹಾಕಿ. ಸೋಸುಕ, ಬ್ಯಾಟರಿ ನಾಲ್ಕು ವರ್ಷದ ನಂತರವೂ ಸಿಗುತ್ತವೆಯೇ ಎಂದು ಕೇಳಿ. ಮನೆಯಲ್ಲಿ ಯಂತ್ರವನ್ನು ಇಡುವ ಜಾಗ ಕೈಗೆಟುಕುವಂತಿದೆಯೇ ಎಂದೂ ನೋಡಿ.

ಮಕ್ಕಳೇ, ಈ ಲೆಕ್ಕವನ್ನು ನೀವು ಯಾವ ವಸ್ತುವಿಗಾದರೂ ಬರೆಯಬಹುದು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಜಮೆ, ಬಲಕ್ಕೆ ಖರ್ಚು ಎಂದು ಬರೆಯಿರಿ. ಮಡಚುವ ಛತ್ರಿ, ಶಾಲೆಯ ಬ್ಯಾಗು, ಗೇರ್ ಸೈಕಲ್, ಯಾವುದಾದರೂ ಸರಿ. ಬಲಗಡೆಯ ಸಾಲು ಖಾಲಿ ಉಳಿದರೆ ಇನ್ನೊಮ್ಮೆ ಹುಡುಕಿ; ಅಲ್ಲಿ ಏನೋ ಇದ್ದೇ ಇರುತ್ತದೆ.

ಇನ್ನು, ಮನೆಗೆ ಕ್ಲೀನರ್ ಕೊಳ್ಳಲು ಹೊರಟ ದಿನ ಅದನ್ನು ಬಳಸುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಅಜ್ಜಿ ಬಳಸುವುದಾದರೆ ಅಜ್ಜಿಯ ಕೈಗೇ ಕೊಡಿ. ಹತ್ತು ನಿಮಿಷ ಹಿಡಿದು ಓಡಾಡಲಿ, ಬಗ್ಗಲಿ, ಒಮ್ಮೆ ಮೇಲಕ್ಕೆ ಎತ್ತಲಿ. 'ಕೈ ನೋಯಲಿಲ್ಲ ಕಣೋ' ಎಂದು ಅವರು ಹೇಳಿದ ಮೇಲೆ ಬಿಲ್ ಮಾಡಿಸಿ.